ನಿಮ್ಮ ಬುಟ್ಟಿಯಲ್ಲಿ ‘ಇತರೆ’ ಎಲ್ಲಿದೆ? ಬೆಲೆ ಸೂಚ್ಯಂಕದ ಅಧಿಕಾರಿಗಳಿಗೊಂದು ಬಹಿರಂಗ ಪತ್ರ

ಸಾಮಾನ್ಯ ಮನೆಯೊಂದು ಕೊಳ್ಳುವುದನ್ನೆಲ್ಲ ಒಂದು ‘ಬುಟ್ಟಿ’ ಎಂದು ಎಣಿಸಿ, ಅದರ ಬೆಲೆ ಎಷ್ಟು ಏರಿಳಿಯಿತು ಎಂದು ಹೇಳುವ ಗ್ರಾಹಕ ಬೆಲೆ ಸೂಚ್ಯಂಕವನ್ನು ತಿಂಗಳು ತಿಂಗಳೂ ಲೆಕ್ಕ ಹಾಕಿ ಪ್ರಕಟಿಸುವ ಎಲ್ಲ ದೇಶಗಳ ಎಲ್ಲ ಅಧಿಕಾರಿಗಳಿಗೆ, ನಿಮ್ಮ ಬುಟ್ಟಿಯ ತಳದಲ್ಲಿ ಕುಳಿತಿರುವ ಒಬ್ಬ ನಿವೃತ್ತ ಲೆಕ್ಕಿಗನ ನಮಸ್ಕಾರಗಳು.

ಕಳೆದ ತಿಂಗಳು ನಿಮ್ಮವರೊಬ್ಬರು, ಆ ಬುಟ್ಟಿಯಲ್ಲಿ ಏನೇನಿರಬೇಕು ಎಂದು ತಿಳಿಯಲು ನಡೆಸುವ ಕುಟುಂಬ ವೆಚ್ಚದ ಸಮೀಕ್ಷೆಗೆಂದು ನಮ್ಮ ಮನೆಗೆ ಬಂದಿದ್ದರು. ಸಭ್ಯ ಹುಡುಗಿ. ಎರಡು ಗಂಟೆ ಕುಳಿತು, ಕೇಳಿದ್ದನ್ನೇ ಮೂರು ಬಾರಿ ಕೇಳಿ, ಕೊನೆಗೆ ತಲೆ ಒತ್ತಿಕೊಳ್ಳುತ್ತಾ ಹೋದಳು. ಆ ನಮೂನೆಯಲ್ಲಿ ನಾನು ಕೊಟ್ಟ ಉತ್ತರಗಳಲ್ಲಿ ಮುಕ್ಕಾಲು ಪಾಲು ತಪ್ಪು. ಸುಳ್ಳಲ್ಲ, ತಪ್ಪು. ಮೂವತ್ತೆಂಟು ವರ್ಷ ಬೇರೆಯವರ ಲೆಕ್ಕಪುಸ್ತಕ ಬರೆದು ಹೊಟ್ಟೆ ಹೊರೆದವನಿಗೆ ತಪ್ಪು ಲೆಕ್ಕ ಎಲ್ಲೋ ಒಂದು ಕಡತದಲ್ಲಿ ಮಲಗಿದೆ ಎಂದರೆ ರಾತ್ರಿ ನಿದ್ದೆ ಬರುವುದಿಲ್ಲ. (ನಿದ್ದೆ ಬಾರದಿರಲು ಬೇರೆ ಕಾರಣಗಳೂ ಇವೆ. ಅವುಗಳಿಗೆ ಮಾತ್ರೆ ಇದೆ.) ಆದ್ದರಿಂದ ಈ ತಿದ್ದುಪಡಿ ಪತ್ರ.

ಮನಸ್ಸಾಕ್ಷಿಯ ಮಾತು ನಿಮಗೆ ಹೊಸದೇನಲ್ಲ. ನಿಮ್ಮ ಶಾಸ್ತ್ರದ ಹುಟ್ಟಿನ ಕಥೆಯಲ್ಲೇ ಅದು ಇದೆ. ವಿಲಿಯಂ ಫ್ಲೀಟ್‌ವುಡ್ ಎಂಬ ಇಂಗ್ಲಿಷ್ ಪಾದ್ರಿಯ ಮುಂದೆ 1707ರಲ್ಲಿ ಒಂದು ಧರ್ಮಸಂಕಟ ಬಂದಿತ್ತಲ್ಲ. ಹದಿನೈದನೆಯ ಶತಮಾನದಲ್ಲಿ ಸ್ಥಾಪನೆಯಾದ ಒಂದು ಕಾಲೇಜಿನ ನಿಯಮದಂತೆ, ಸ್ವಂತ ಆದಾಯ ವರ್ಷಕ್ಕೆ 5 ಪೌಂಡ್ ಮೀರಿದವನು ಅಲ್ಲಿನ ಸದಸ್ಯತ್ವ ಬಿಡಬೇಕು. ಇನ್ನೂರೈವತ್ತು ವರ್ಷಗಳ ನಂತರ ಅದಕ್ಕಿಂತ ಹೆಚ್ಚಿನ ಆದಾಯವಿದ್ದವನು ‘ನಾನು ಬಡವ’ ಎಂದು ಪ್ರಮಾಣ ಮಾಡಬಹುದೇ? ಫ್ಲೀಟ್‌ವುಡ್ ಕುಳಿತು ಧಾನ್ಯ, ಮಾಂಸ, ಪಾನೀಯ, ಬಟ್ಟೆಗಳ ಹಳೆಯ ಬೆಲೆಗಳನ್ನು ಹುಡುಕಿ ತೆಗೆದ. ಅಂದಿನ ಐದು ಪೌಂಡಿಗೆ ಬರುತ್ತಿದ್ದುದನ್ನು ಇಂದು ಕೊಳ್ಳಲು ಅದರ ಹಲವು ಪಟ್ಟು ಹಣ ಬೇಕು, ಧಾರಾಳವಾಗಿ ಪ್ರಮಾಣ ಮಾಡು ಎಂದು ತೀರ್ಪು ಕೊಟ್ಟ. ಆತನ ಮುಂದೆ ಇದ್ದದ್ದು ಒಬ್ಬನೇ ಮನುಷ್ಯ, ಒಂದೇ ಪ್ರಶ್ನೆ. ನಿಮ್ಮ ಹುಡುಗಿಯ ಮುಂದೆ ಇದ್ದದ್ದು ಗಂಡ ಹೆಂಡತಿ ಇಬ್ಬರು. ಕಷ್ಟ ಅಲ್ಲಿಂದಲೇ ಶುರುವಾಯಿತು.

ಮೊದಲ ಪ್ರಶ್ನೆಯಲ್ಲೇ ಎಡವಿದೆವು. ‘ಮನೆಯಲ್ಲಿ ಎಷ್ಟು ಜನ?’ ನಾನು ಇಬ್ಬರು ಎಂದೆ. ಅದೇ ಕ್ಷಣಕ್ಕೆ ಹೆಂಡತಿ ಐವರು ಎಂದಳು. ಮಕ್ಕಳು ಮೂವರೂ ಬೇರೆ ಮನೆ ಮಾಡಿ ಹನ್ನೆರಡು ವರ್ಷವಾಯಿತು. ಆದರೆ ಅವರ ಹಳೆಯ ಪಠ್ಯಪುಸ್ತಕಗಳು, ಒಂಟಿ ಬೂಟುಗಳು, ತಂತಿ ಕಡಿದ ಗಿಟಾರು, ಯಾವ ಪಂದ್ಯದಲ್ಲಿ ಬಂದದ್ದೋ ಯಾರಿಗೂ ನೆನಪಿಲ್ಲದ ಒಂದು ಕಪ್ಪು ಇವೆಲ್ಲ ನಮ್ಮಲ್ಲೇ ವಾಸವಾಗಿವೆ. ಒಂದು ಕೋಣೆ ಪೂರ್ತಿ ಅವುಗಳದ್ದೇ. ‘ಬಂದಾಗ ಬೇಕಾಗುತ್ತದೆ’ ಎನ್ನುತ್ತಾಳೆ. ಬಂದವರು ಆ ಕೋಣೆಯ ಬಾಗಿಲು ತೆರೆದು ‘ಅಯ್ಯೋ, ಇದೆಲ್ಲ ಇನ್ನೂ ಇಟ್ಟುಕೊಂಡಿದ್ದೀರಾ?’ ಎಂದು ನಕ್ಕು, ಮುಚ್ಚಿ, ಹೋಗುವಾಗ ಇನ್ನೆರಡು ಪೆಟ್ಟಿಗೆ ಅಲ್ಲೇ ಇಟ್ಟು ಹೋಗುತ್ತಾರೆ. ನಿಮ್ಮ ಹುಡುಗಿ ಸ್ವಲ್ಪ ಯೋಚಿಸಿ ‘ಇಬ್ಬರು’ ಎಂದು ಬರೆದುಕೊಂಡಳು. ನನ್ನ ಮೊದಲ ತಿದ್ದುಪಡಿ ಇದು: ಖರ್ಚಿನ ದೃಷ್ಟಿಯಿಂದ ಐವರು ಎಂಬುದೇ ಸರಿ.

ಎರಡನೆಯದು ನೆನಪಿನ ವಿಚಾರ. ಕಳೆದ 7 ದಿನಗಳಲ್ಲಿ ಕೊಂಡದ್ದೇನು, ಕಳೆದ 30 ದಿನಗಳಲ್ಲಿ ಏನು, ಕಳೆದ 365 ದಿನಗಳಲ್ಲಿ ಏನು ಎಂದು ನೀವು ಕಾಲವನ್ನು ಹೋಳು ಹೋಳು ಮಾಡಿ ಕೇಳುತ್ತೀರಿ. ನಮ್ಮ ಮನೆಯಲ್ಲಿ ಕಾಲಕ್ಕೆ ಅಂಕಿಗಳಿಲ್ಲ. ‘ಬಟ್ಟೆ ಒಗೆಯುವ ಯಂತ್ರವನ್ನು ಈ ವರ್ಷ ಕೊಂಡಿರಾ?’ ಎಂದದ್ದಕ್ಕೆ ನಾನು ‘ಹೌದು, ಮೊನ್ನೆ ಮೊನ್ನೆ’ ಎಂದೆ. ಹೆಂಡತಿ, ‘ಮೊಮ್ಮಗಳಿಗೆ ಮೊದಲ ಹಾಲುಹಲ್ಲು ಬಿದ್ದ ವರ್ಷ’ ಎಂದಳು. ಮೊಮ್ಮಗಳು ಈಗ ಹತ್ತನೆಯ ತರಗತಿ. ನಿಮ್ಮ ಸಮೀಕ್ಷಾಶಾಸ್ತ್ರದಲ್ಲಿ ಈ ದೋಷಕ್ಕೆ ದೂರದರ್ಶಕದ ಹೆಸರಿಟ್ಟಿದ್ದಾರೆ ಎಂದು ಆ ಹುಡುಗಿಯೇ ಹೇಳಿದಳು. ದೂರದ ಘಟನೆ ಹತ್ತಿರದಲ್ಲೇ ನಡೆದಂತೆ ಕಾಣುವುದಂತೆ. ಸರಿಯಾದ ಹೆಸರು. ಕೈಯಲ್ಲಿರುವ ರಸೀದಿಯ ಅಕ್ಷರ ಕಾಣದ ನನಗೆ ಒಂಬತ್ತು ವರ್ಷ ಹಿಂದಿನದು ಮೂಗಿನ ತುದಿಯಲ್ಲಿ ಕಾಣುತ್ತದೆ.

ಆದಾಯದ ಪುಟಕ್ಕೆ ಬಂದಾಗ ಮಾತ್ರ ನಾನು ಎದೆ ಸೆಟೆಸಿ ಕುಳಿತೆ. ಪಿಂಚಣಿ ಇಷ್ಟು, ಬಡ್ಡಿ ಇಷ್ಟು ಎಂದು ಹೇಳಿದ ಮೇಲೆ, ‘ಅನಿರೀಕ್ಷಿತ ಆದಾಯ ಏನಾದರೂ?’ ಎಂದು ಕೇಳಿದಳು. ಇದೆ ಎಂದೆ. ಒಗೆದಿಟ್ಟ ಹಳೆಯ ಅಂಗಿಗಳ ಜೇಬಿನಲ್ಲಿ ಆಗಾಗ ನನಗೆ ಮಡಚಿದ ನೋಟು ಸಿಗುತ್ತದೆ. ನಾನೇ ಎಂದೋ ಇಟ್ಟು ಮರೆತದ್ದು. ಮರೆವಿನಿಂದ ನಷ್ಟವಾದವರ ಕಥೆ ಎಲ್ಲರೂ ಹೇಳುತ್ತಾರೆ. ಮರೆವಿನಿಂದ ತಿಂಗಳಿಗೆ ಒಂದೆರಡು ಬಾರಿ ಲಾಭ ಪಡೆಯುತ್ತಿರುವ ಮುದುಕ ನಾನೊಬ್ಬನೇ ಇರಬೇಕು. ಅದನ್ನೂ ಬರೆದುಕೊಳ್ಳಿ ಎಂದು ಒತ್ತಾಯ ಮಾಡಿದೆ. ಹುಡುಗಿ ನಕ್ಕು ಬರೆದುಕೊಂಡಳು. ಹೆಂಡತಿ ಕಿಟಕಿಯ ಕಡೆ ನೋಡುತ್ತಿದ್ದಳು.

ಈಗ ವಿದ್ಯುತ್ತಿನ ಸಾಲಿಗೆ ಬರೋಣ. ಅಲ್ಲಿ ನಾನು ‘ಅತ್ಯಂತ ಮಿತವ್ಯಯಿ’ ಎಂದು ಹೇಳಿಕೊಂಡಿದ್ದೇನೆ. ದಯವಿಟ್ಟು ಅದನ್ನು ಹೊಡೆದುಹಾಕಿ. ದೀಪ ಆರಿಸುವುದು ನನ್ನ ಜೀವನದ ಅತಿ ದೀರ್ಘ ಚಳವಳಿ. ಯಾರಾದರೂ ಕೋಣೆಯಿಂದ ಹೊರಗೆ ಒಂದು ಕಾಲಿಟ್ಟರೆ ಸಾಕು, ಇನ್ನೊಂದು ಕಾಲು ಒಳಗಿರುವಾಗಲೇ ನಾನು ಗುಂಡಿ ಒತ್ತಿರುತ್ತೇನೆ. ನಮ್ಮ ಮಕ್ಕಳು ಅರ್ಧ ಬಾಲ್ಯವನ್ನು ಕತ್ತಲಲ್ಲೇ ಕಳೆದೆವು ಎನ್ನುತ್ತಾರೆ. ಹೀಗಿರುವಾಗ ಹೋದ ರಜೆಯಲ್ಲಿ ಆ ಹತ್ತನೆಯ ತರಗತಿಯ ಮೊಮ್ಮಗಳು ಕಾಗದ ಪೆನ್ನು ಹಿಡಿದು ನನ್ನೆದುರು ಕುಳಿತಳು. ‘ತಾತ, ಕೋಣೆಗಳ ನಡುವಿನ ಈ ಓಣಿಯ ದೀಪ 9 ವ್ಯಾಟ್. ಒಂದು ಯೂನಿಟ್ ಎಂದರೆ 1,000 ವ್ಯಾಟ್ ಗಂಟೆ. ಅಂದರೆ ಈ ದೀಪ ಒಂದು ಯೂನಿಟ್ ತಿನ್ನಲು 111 ಗಂಟೆ ಉರಿಯಬೇಕು.’ ಆಗಲಿ ಎಂದೆ. ‘ನೀವು ಬೆನ್ನುನೋವಿಗೆ ಎಂದು ಸ್ನಾನ ಮಾಡುತ್ತೀರಲ್ಲ, ಅದು 15 ಲೀಟರಿನ ತೊಟ್ಟಿ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು 4.2 ಕಿಲೋಜೂಲ್ ಬೇಕು. 35 ಡಿಗ್ರಿ ಏರಬೇಕು. ಒಂದು ಯೂನಿಟ್ಟಿನಲ್ಲಿ ಇರುವುದು 3,600 ಕಿಲೋಜೂಲ್.’ ಗುಣಿಸಿ ಭಾಗಿಸಿ ಕಾಗದವನ್ನು ನನ್ನ ಕಡೆ ತಿರುಗಿಸಿದಳು. ಒಂದು ತೊಟ್ಟಿ ಬಿಸಿನೀರಿಗೆ 0.6 ಯೂನಿಟ್. ಆ ದೀಪದ ಸುಮಾರು 68 ಗಂಟೆ. ರಾತ್ರಿಗೆ ಎಂಟು ಗಂಟೆ ಎಂದು ಹಿಡಿದರೆ, ನನ್ನ ಒಂದು ಸ್ನಾನ ಓಣಿಯ ದೀಪದ ಎಂಟೂವರೆ ರಾತ್ರಿಗೆ ಸಮ. ನಾನು ಒಂದೇ ತೊಟ್ಟಿಗೆ ತೃಪ್ತಿಪಡುವವನಲ್ಲ ಎಂಬ ವಿಷಯವನ್ನು ಹೆಂಡತಿ ಹಿಂದಿನಿಂದ ಸೇರಿಸಿದಳು.

ಇಷ್ಟಕ್ಕೇ ನಿಲ್ಲಲಿಲ್ಲ. ಆ ಲೆಕ್ಕ ನೋಡಿದ ರಾತ್ರಿಯೂ ಅಭ್ಯಾಸಬಲದಿಂದ ಓಣಿಯ ದೀಪ ಆರಿಸಿ, ಕತ್ತಲಲ್ಲಿ ನಡೆದು, ಬಾಗಿಲಿನ ಹೊಸ್ತಿಲಿಗೆ ಕಿರುಬೆರಳು ಬಡಿದುಕೊಂಡೆ. ಎಕ್ಸ್‌ರೇ, ಪಟ್ಟಿ, ಮುಲಾಮು, ಹೋಗಿಬರುವ ಆಟೋ. ನಿಮ್ಮ ಮನೆಖರ್ಚಿನ ವರ್ಗೀಕರಣ ಇದೆಯಲ್ಲ, ವಿಶ್ವಸಂಸ್ಥೆಯದ್ದು, 1999ರದ್ದರಲ್ಲಿ 12 ವಿಭಾಗಗಳಿದ್ದು 2018ರ ಪರಿಷ್ಕರಣೆಯಲ್ಲಿ 13 ಆದದ್ದು, ಅದರಲ್ಲಿ ವಸತಿ ಮತ್ತು ವಿದ್ಯುತ್ತು ಒಂದು ಕಡೆ, ಆರೋಗ್ಯ ಬೇರೆ ಕಡೆ, ಸಾರಿಗೆ ಮತ್ತೊಂದು ಕಡೆ. ಒಂದು ವಿಭಾಗದಲ್ಲಿ ಉಳಿಸಿದ ಬಿಡಿಗಾಸು ಇನ್ನೆರಡು ವಿಭಾಗಗಳಲ್ಲಿ ಹೇಗೆ ಹೊಳೆಯಾಗಿ ಹರಿಯಿತು ಎಂಬುದನ್ನು ತೋರಿಸಲು ನಿಮ್ಮ ಕೋಷ್ಟಕದಲ್ಲಿ ಒಂದು ಬಾಣದ ಗುರುತೂ ಇಲ್ಲ. ಮಿತವ್ಯಯದಿಂದ ಆದ ಖರ್ಚು ಎಂದು ಒಂದು ಪ್ರತ್ಯೇಕ ವಿಭಾಗ ಬೇಕು ಎಂದು ನನ್ನ ಬೇಡಿಕೆ. ನಲ್ಲಿಯ ವಿಷಯವೂ ಅದರಲ್ಲೇ ಬರುತ್ತದೆ.

ಅಡುಗೆಮನೆಯ ನಲ್ಲಿ ಸೆಕೆಂಡಿಗೊಂದು ಹನಿ ತೊಟ್ಟಿಕ್ಕುತ್ತಿತ್ತು. ದಿನಕ್ಕೆ 86,400 ಹನಿ. ಹನಿಗೆ ಕಾಲು ಮಿಲಿಲೀಟರ್ ಎಂದರೂ 21 ಲೀಟರಿಗೆ ಮೇಲೆ. ಹನಿ ಹನಿಗೂಡಿದರೆ ಹಳ್ಳ ಎಂದು ಹೆಂಡತಿಗೆ ಉಪದೇಶ ಮಾಡಿ, ಕೊಳಾಯಿ ರಿಪೇರಿಯವನನ್ನು ಕರೆಯುವುದು ದುಂದು ಎಂದು ಹೇಳಿ, ನಾನೇ ಪಾನಾ ಹಿಡಿದೆ. ಹತ್ತು ನಿಮಿಷದಲ್ಲಿ ಗಾದೆಯ ಎರಡನೆಯ ಭಾಗ ನಿಜವಾಯಿತು. ಅಡುಗೆಮನೆಯಲ್ಲಿ ಹಳ್ಳ ಹರಿಯಿತು. ಆಮೇಲೆ ಬಂದ ರಿಪೇರಿಯವನು ಕೊಳವೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದನ್ನು ಯಾರು ಹೀಗೆ ಮಾಡಿದ್ದು?’ ಎಂದು ಕೇಳಿದ. ನಾನು ಗೋಡೆಯ ಕ್ಯಾಲೆಂಡರ್ ಓದಲು ಶುರು ಮಾಡಿದೆ. ‘ಮೊದಲು ಯಾರೋ ಒಬ್ಬರು ಬಂದಿದ್ದರು, ಕೆಲಸ ಗೊತ್ತಿರಲಿಲ್ಲ ಪಾಪ’ ಎಂದಳು ಹೆಂಡತಿ. ನಲವತ್ತಾರು ವರ್ಷದ ದಾಂಪತ್ಯದಲ್ಲಿ ಅವಳು ನನ್ನ ಬಗ್ಗೆ ಆಡಿದ ಅತ್ಯಂತ ಮೃದುವಾದ ಮಾತುಗಳಲ್ಲಿ ಅದೂ ಒಂದು.

ಅಧಿಕಾರಿಗಳೇ, ನನ್ನ ಮುಖ್ಯ ತಕರಾರು ಬೇರೆಯೇ ಇದೆ. 1871ರಲ್ಲಿ ಲಾಸ್ಪೇರ್ ಎಂಬ ಜರ್ಮನ್ ಪಂಡಿತರು ಹಾಕಿಕೊಟ್ಟ ದಾರಿ ಇಂದಿಗೂ ನಿಮ್ಮ ಹೆದ್ದಾರಿ. ಬುಟ್ಟಿ ಅದೇ ಇರಲಿ, ಅದನ್ನು ತುಂಬಲು ಅಂದು ಎಷ್ಟಾಗುತ್ತಿತ್ತು, ಇಂದು ಎಷ್ಟಾಗುತ್ತದೆ ಎಂದು ಮಾತ್ರ ನೋಡಿ ಎನ್ನುವುದು ಅದರ ಸಾರ. ಒಪ್ಪಿದೆ. ಆದರೆ ಬುಟ್ಟಿಯನ್ನು ಹೊರುವವನು ಅವನೇ ಇರುತ್ತಾನೆಯೇ? ನೀವು ಬುಟ್ಟಿಯನ್ನು ಹತ್ತು ವರ್ಷಕ್ಕೋ ಐದು ವರ್ಷಕ್ಕೋ, ಹೆಚ್ಚೆಂದರೆ ವರ್ಷಕ್ಕೋ ಒಮ್ಮೆ ಬದಲಿಸುತ್ತೀರಿ. ನಾನು ಪ್ರತಿ ಬೆಳಗ್ಗೆ ಹಾಸಿಗೆಯಿಂದ ಏಳುವಾಗಲೇ ಬದಲಾಗಿರುತ್ತೇನೆ. ಮೊಣಕಾಲು ಅದನ್ನು ಶಬ್ದ ಮಾಡಿ ಘೋಷಿಸುತ್ತದೆ.

ಕಣ್ಣನ್ನೇ ತೆಗೆದುಕೊಳ್ಳಿ. ಕಣ್ಣೊಳಗಿನ ಮಸೂರ ವಯಸ್ಸಿನೊಂದಿಗೆ ಬಿಗಿಯಾಗುತ್ತಾ ಬರುತ್ತದೆ. ನಲವತ್ತು ದಾಟಿದ ಮೇಲೆ ಹತ್ತಿರದ್ದನ್ನು ನೋಡಲು ಅದು ಬಾಗುವುದಿಲ್ಲ. ಮೊದಮೊದಲು ನಾನು ಪತ್ರಿಕೆಯನ್ನು ದೂರ ಹಿಡಿದು ಸುಧಾರಿಸಿದೆ. ಆಮೇಲೆ ಕೈ ಸಾಲದಾಯಿತು. ಓದುವ ಕನ್ನಡಕ ಬಂತು. ಒಂದು ಕೊಂಡರೆ ಸಾಕಲ್ಲವೇ ಎಂದು ನಿಮ್ಮ ನಮೂನೆ ಭಾವಿಸುತ್ತದೆ. ಒಂದನ್ನು ಕಳೆದರೆ ಅದನ್ನು ಹುಡುಕಲು ಇನ್ನೊಂದು ಬೇಕು. ಆ ಇನ್ನೊಂದು ಎಲ್ಲಿದೆ ಎಂದು ತಿಳಿಯಲು ಮೂರನೆಯದು. ಹೆಂಡತಿಯ ನಂಬರೂ ನನ್ನ ನಂಬರೂ ಒಂದೇ ಆದ್ದರಿಂದ ಯಾವುದು ಯಾರದ್ದು ಎಂಬ ಗಡಿವಿವಾದ ಬೇರೆ. ಅಮೆರಿಕದ ರಾಜನೀತಿಜ್ಞ, ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಎರಡು ಜೋಡಿ ಕನ್ನಡಕ ಬದಲಿಸಿ ಬದಲಿಸಿ ಬೇಸತ್ತು ಒಂದೇ ಚೌಕಟ್ಟಿನಲ್ಲಿ ಎರಡೂ ಗಾಜುಗಳನ್ನು ಕೂಡಿಸಿಕೊಂಡ ಕಥೆ ನಿಮಗೆ ಗೊತ್ತಿರಬಹುದು. ಫ್ರಾನ್ಸಿನಲ್ಲಿದ್ದಾಗ, 1785ರ ಒಂದು ಪತ್ರದಲ್ಲಿ, ಅದರಿಂದ ಊಟದ ಮೇಜಿನಲ್ಲಿ ತಟ್ಟೆಯೂ ಕಾಣುತ್ತದೆ, ಎದುರು ಕುಳಿತವರ ಮುಖವೂ ಕಾಣುತ್ತದೆ, ಮುಖ ಕಂಡರೆ ಅವರ ಫ್ರೆಂಚ್ ಹೆಚ್ಚು ಅರ್ಥವಾಗುತ್ತದೆ ಎಂದು ಸಂತೋಷದಿಂದ ಬರೆದ. ಆಗ ಅವನಿಗೆ ಎಪ್ಪತ್ತೊಂಬತ್ತು. ನಾನೂ ಅಂಥದೊಂದು ಮಾಡಿಸಿಕೊಂಡೆ. ಊಟದ ಮೇಜಿನಲ್ಲಿ ಹೆಂಡತಿಯ ಮುಖ ಸ್ಪಷ್ಟವಾಗಿ ಕಂಡಿತು. ಅವಳು ಹೇಳುತ್ತಿದ್ದುದು ಇಷ್ಟು ವರ್ಷ ನಾನು ಅಂದುಕೊಂಡಿದ್ದಕ್ಕಿಂತ ಗಂಭೀರವಾದ ವಿಷಯ ಎಂದು ಆಗ ಅರ್ಥವಾಯಿತು.

ಕಿವಿಯದ್ದು ಇನ್ನೂ ಸೊಗಸು. ವಯಸ್ಸಾದಂತೆ ಮೊದಲು ಕೈಕೊಡುವುದು ಹೆಚ್ಚಿನ ಕಂಪನಾಂಕದ ಸದ್ದುಗಳು. ಸ, ಶ ಮುಂತಾದ ಅಕ್ಷರಗಳು ಹೇಳದೆ ಕೇಳದೆ ಊರು ಬಿಡುತ್ತವೆ. ಹೋದ ವರ್ಷ ಮಗಳು ಫೋನ್ ಮಾಡಿ ‘ಅಪ್ಪ, ಸಾಲ ತೀರಿತು’ ಎಂದಳು. ನನಗೆ ‘ಕಾಲ ತೀರಿತು’ ಎಂದು ಕೇಳಿಸಿತು. ಎದೆ ಝಲ್ಲೆಂದಿತು. ‘ಯಾರದಮ್ಮಾ?’ ಎಂದೆ. ‘ನಮ್ಮಿಬ್ಬರದ್ದೂ ಅಪ್ಪ, ನಿನ್ನೆ ಒಟ್ಟಿಗೆ’ ಎಂದಳು. ‘ಬ್ಯಾಂಕಿನವರೇ ಅಭಿನಂದನೆ ಹೇಳಿದರು.’ ನಾನು ಕುರ್ಚಿ ಹುಡುಕಿಕೊಂಡು ಕುಳಿತೆ. ಶ್ರವಣಸಾಧನ ಕೊಳ್ಳಬೇಕೆಂದು ಮನೆಯವರು ತೀರ್ಮಾನಿಸಿದ್ದು ಅಂದೇ. ಅದರ ಬೆಲೆ ಹೇಳಿದಾಗ ಮಾತ್ರ ನನಗೆ ಪ್ರತಿ ಅಂಕಿಯೂ ಸ್ಪಷ್ಟವಾಗಿ ಕೇಳಿಸಿತು.

ಕಿವಿ ಕೇಳಿಸದಿದ್ದರೂ ಬೆಳೆಯುತ್ತಿರುತ್ತದೆ ಎಂಬುದು ಗೊತ್ತೇ? 1995ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಕುಟುಂಬ ವೈದ್ಯರೊಬ್ಬರು ಇದನ್ನು ಪ್ರಕಟಿಸಿದರು. ಮೂವತ್ತು ದಾಟಿದ 206 ರೋಗಿಗಳ ಕಿವಿ ಅಳೆದು ನೋಡಿದಾಗ, ವರ್ಷಕ್ಕೆ ಸರಾಸರಿ 0.22 ಮಿಲಿಮೀಟರ್ ಉದ್ದವಾಗುತ್ತದೆ ಎಂದು ಕಂಡಿತು. ಐವತ್ತು ವರ್ಷಕ್ಕೆ ಒಂದು ಸೆಂಟಿಮೀಟರಿಗೂ ಹೆಚ್ಚು. ಕಂಪನಿಗಳು ಪೊಟ್ಟಣವನ್ನು ಅಷ್ಟೇ ದೊಡ್ಡದಾಗಿಟ್ಟು ಒಳಗಿನ ಸರಕನ್ನು ಕಡಿಮೆ ಮಾಡಿದರೆ ಅದನ್ನು ಮರೆಮಾಚಿದ ಬೆಲೆಯೇರಿಕೆ ಎಂದು ನೀವು ತೂಕ ಹಾಕಿ ಹಿಡಿಯುತ್ತೀರಿ. ಇಲ್ಲಿ ಪೊಟ್ಟಣವೇ ಹಿಗ್ಗುತ್ತಿದೆ, ಸರಕು ಕುಗ್ಗುತ್ತಿದೆ. ಇದಕ್ಕೆ ನಿಮ್ಮಲ್ಲಿ ಯಾವ ಸೂತ್ರ ಇದೆಯೋ ಹುಡುಕಿ ನೋಡಿ.

ಎತ್ತರದ್ದು ಒಂದೇ ಲಾಭದ ಬಾಬತ್ತು. ಬೆನ್ನುಮೂಳೆಯ ನಡುವಿನ ಮೆತ್ತೆಗಳು ಸವೆದು, ನಲವತ್ತರ ನಂತರ ದಶಕಕ್ಕೆ ಸುಮಾರು ಒಂದು ಸೆಂಟಿಮೀಟರ್ ಕುಗ್ಗುತ್ತೇವಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅಪ್ಪ ದಿನವೂ ಹೇಳುತ್ತಿದ್ದರು, ನಾನು ಕೇಳಲಿಲ್ಲ. ಈಗ ಕಾಲೇ ಕೇಳಿಕೊಂಡಿದೆ.

ಗುಣಮಟ್ಟದ ಹೊಂದಾಣಿಕೆ ಎಂದು ನಿಮ್ಮಲ್ಲಿ ಇನ್ನೊಂದು ವಿಧಾನವಿದೆ. ಹೊಸ ಮೊಬೈಲಿನ ಬೆಲೆ ಹೆಚ್ಚಾಗಿದ್ದರೂ ಅದರ ಗುಣಮಟ್ಟ ಹೆಚ್ಚಾಗಿದ್ದರೆ ಅದನ್ನು ಪೂರ್ತಿ ಬೆಲೆಯೇರಿಕೆ ಎನ್ನಲಾಗದು ಎಂಬ ವಾದ. ಇದನ್ನು ನಾನು ಹೆಂಡತಿಗೆ ವಿವರಿಸುವ ತಪ್ಪು ಮಾಡಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಹಾಗಾದರೆ ನಿರ್ವಹಣೆಯ ಖರ್ಚು ಏರುತ್ತಾ, ಕೆಲಸ ಕಡಿಮೆಯಾಗುತ್ತಾ, ಸದ್ದು ಜಾಸ್ತಿಯಾಗುತ್ತಾ ಬಂದರೆ ಅದಕ್ಕೇನು ಹೆಸರು?’ ಎಂದಳು. ನಾನು ವಿಷಯ ಬದಲಿಸಿ ಪಿಗೂ ಎಂಬ ಅರ್ಥಶಾಸ್ತ್ರಜ್ಞನ ಹೆಸರೆತ್ತಿದೆ. ಒಬ್ಬ ಗಂಡಸು ತನ್ನ ಮನೆಗೆಲಸದಾಕೆಯನ್ನೇ ಮದುವೆಯಾದರೆ ರಾಷ್ಟ್ರದ ಆದಾಯ ಅಷ್ಟರಮಟ್ಟಿಗೆ ಇಳಿಯುತ್ತದೆ, ಏಕೆಂದರೆ ಅಂದಿನಿಂದ ಅದೇ ಕೆಲಸಕ್ಕೆ ಸಂಬಳವಿಲ್ಲ ಎಂದು ಪಿಗೂ ತೋರಿಸಿಕೊಟ್ಟಿದ್ದ. ಇದು ಇನ್ನೂ ದೊಡ್ಡ ತಪ್ಪು. ‘ಅಂದರೆ ನಲವತ್ತಾರು ವರ್ಷದಿಂದ ನಾನು ಮಾಡಿದ್ದು ಯಾವ ಲೆಕ್ಕದಲ್ಲೂ ಇಲ್ಲ’ ಎಂದು ಒಮ್ಮೆ ಹೇಳಿ ಸುಮ್ಮನಾದಳು. ಅಂದು ರಾತ್ರಿ ಪಾತ್ರೆ ನಾನು ತೊಳೆದೆ. ಒಂದು ಗಾಜಿನ ಲೋಟ ಒಡೆಯಿತು. ಅದನ್ನು ಗೃಹೋಪಯೋಗಿ ವಸ್ತುಗಳ ಸಾಲಿನಲ್ಲಿ ಸೇರಿಸಿಕೊಳ್ಳಿ.

ಹಾಗೆಂದು ಅವಳ ಲೆಕ್ಕವೆಲ್ಲ ನೆಟ್ಟಗಿದೆ ಎಂದುಕೊಳ್ಳಬೇಡಿ. ರಿಯಾಯಿತಿಯಲ್ಲಿ ಏನನ್ನಾದರೂ ಕೊಂಡರೆ ಕೊಟ್ಟ ಹಣವನ್ನು ಖರ್ಚಿನಲ್ಲಿ ಬರೆದು, ‘ಉಳಿದ’ ಹಣವನ್ನು ಆದಾಯದಲ್ಲಿ ಬರೆಯುತ್ತಾಳೆ. ಎರಡು ಕೊಂಡರೆ ಮೂರನೆಯದು ಉಚಿತ ಎಂದಿದ್ದರೆ, ಒಂದೂ ಬೇಡದ ವಸ್ತು ಮೂರು ಬರುತ್ತದೆ. ಇನ್ನು ‘ಇರಲಿ, ಬೇಕಾದೀತು’ ಎಂಬ ಮಾತಿದೆಯಲ್ಲ, ನಮ್ಮ ಮನೆಯಲ್ಲಿ ಅತಿ ಹೆಚ್ಚು ಜಾಗ ಹಿಡಿದಿರುವ ಮಾತು ಅದೇ. ಒಂದು ಡ್ರಾಯರಿನ ತುಂಬ ಸತ್ತುಹೋದ ಮೊಬೈಲುಗಳ ಚಾರ್ಜರುಗಳು. ಯಾವ ಬೀಗದ್ದೆಂದು ಯಾರಿಗೂ ತಿಳಿಯದ ಹದಿನಾಲ್ಕು ಬೀಗದ ಕೈಗಳು. ಒಮ್ಮೆ ಧೈರ್ಯ ಮಾಡಿ ಅದರಲ್ಲಿ ಒಂದನ್ನು ಎಸೆದೆ. ಮರುದಿನ ಅದರ ಬೀಗ ಸಿಕ್ಕಿತು, ಹಾಕಿದ ಸ್ಥಿತಿಯಲ್ಲಿ.

ನನ್ನ ಚೌಕಾಸಿಯ ಕಥೆಯನ್ನೂ ಹೇಳಿಬಿಡುತ್ತೇನೆ. ಟ್ವೆರ್ಸ್ಕಿ ಮತ್ತು ಕಾಹ್ನೆಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1981ರಲ್ಲಿ ಜನರಿಗೆ ಒಂದು ಪ್ರಶ್ನೆ ಕೇಳಿದ್ದರು. 15 ಡಾಲರಿನ ಕ್ಯಾಲ್ಕುಲೇಟರ್ ಇಪ್ಪತ್ತು ನಿಮಿಷ ದೂರದ ಅಂಗಡಿಯಲ್ಲಿ 5 ಡಾಲರ್ ಕಡಿಮೆಗೆ ಸಿಗುತ್ತದೆ ಎಂದರೆ ಹೋಗುತ್ತೀರಾ? ಹೆಚ್ಚಿನವರು ಹೋಗುತ್ತೇವೆ ಎಂದರು. 125 ಡಾಲರಿನ ವಸ್ತುವಿನ ಮೇಲೆ ಅದೇ 5 ಡಾಲರ್ ಉಳಿಯುತ್ತದೆ ಎಂದರೆ? ಹೆಚ್ಚಿನವರು ಬೇಡ ಎಂದರು. ಐದು ಎರಡೂ ಕಡೆ ಐದೇ. ಇದನ್ನು ಓದಿದಾಗ ಯಾರೋ ನನ್ನ ಮನೆಯ ಪರದೆಯ ಹಿಂದೆ ಅಡಗಿ ನೋಡಿದ್ದಾರೆ ಎನಿಸಿತು. ತರಕಾರಿಯವನೊಂದಿಗೆ ಬಿಡಿಗಾಸಿಗೆ ಕಾಲು ಗಂಟೆ ವಾದ ಮಾಡುವ ನಾನು, ರೆಫ್ರಿಜರೇಟರ್ ಕೊಳ್ಳುವಾಗ ‘ಹೆಚ್ಚುವರಿ ವಾರಂಟಿ ಬೇಕೇ ಸರ್?’ ಎಂದು ಕೇಳಿದ ಹುಡುಗನ ಮುಖ ನೋಡಿ, ಇಲ್ಲ ಎನ್ನಲು ನಾಚಿಕೊಂಡು, ತರಕಾರಿಯಲ್ಲಿ ಹತ್ತು ವರ್ಷ ಉಳಿಸಿದ್ದನ್ನು ಒಂದೇ ಸಹಿಯಲ್ಲಿ ಕೊಟ್ಟು ಬಂದೆ. ರೆಫ್ರಿಜರೇಟರ್ ಕೆಟ್ಟಿತು. ವಾರಂಟಿ ಮುಗಿದ ಮೂರನೆಯ ವಾರ.

ಇನ್ನುಳಿದದ್ದು ‘ಇತರೆ’. ಈ ಪತ್ರ ಬರೆಯಲು ಕುಳಿತದ್ದೇ ಅದಕ್ಕಾಗಿ.

ಹೆಂಡತಿಯ ಲೆಕ್ಕದ ಪುಸ್ತಕದಲ್ಲಿ ಕೊನೆಯ ಅಂಕಣಕ್ಕೆ ‘ಇತರೆ’ ಎಂದು ಹೆಸರು. ತಿಂಗಳಿಗೆ ಒಂದೆರಡು ಬಾರಿ ಅಲ್ಲಿ ಒಂದು ಮೊತ್ತ ಬೀಳುತ್ತದೆ. ವಿವರಣೆ ಇಲ್ಲ. ಲೆಕ್ಕಿಗನಿಗೆ ವಿವರಣೆಯಿಲ್ಲದ ಮೊತ್ತ ಎಂದರೆ ಕಾಲಲ್ಲಿ ಮುರಿದ ಮುಳ್ಳು. ವರ್ಷಗಳಿಂದ ಕೇಳಿದ್ದೇನೆ, ‘ಇತರೆ ಎಂದರೆ ಇತರೆ’ ಎಂದಷ್ಟೇ ಉತ್ತರ. ನಿಮ್ಮ ಹುಡುಗಿಯೂ ಪುಸ್ತಕ ತಿರುವುತ್ತಾ ಅಲ್ಲಿಗೆ ಬಂದು ಬೆರಳಿಟ್ಟಳು. ‘ಇದೇನಮ್ಮ?’ ಹೆಂಡತಿ ನನ್ನ ಕಡೆ ತಿರುಗಿ, ‘ಆ ಹುಡುಗಿಗೆ ಒಂದು ಲೋಟ ನೀರು ತಂದುಕೊಡಿ’ ಎಂದಳು.

ನಾನು ಎದ್ದು ಅಡುಗೆಮನೆಗೆ ಹೋದೆ. ಹೊಸ್ತಿಲು ದಾಟಿದೆ. ನಿಂತೆ. ಏತಕ್ಕೆ ಬಂದೆ? ನೋಟರ್ ಡೇಮ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಇದನ್ನೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಒಂದೇ ಕೋಣೆಯಲ್ಲಿ ಅಷ್ಟೇ ದೂರ ನಡೆದವರಿಗಿಂತ ಬಾಗಿಲು ದಾಟಿ ನಡೆದವರು ಹೆಚ್ಚು ಮರೆಯುತ್ತಾರೆ. ಮನಸ್ಸು ಹೊಸ್ತಿಲಲ್ಲಿ ಹಳೆಯ ಕಡತ ಮುಚ್ಚಿ ಹೊಸದು ತೆರೆಯುತ್ತದೆ. ಅವರ ಪ್ರಯೋಗಕ್ಕೆ ಬಂದವರು ಕಾಲೇಜಿನ ವಿದ್ಯಾರ್ಥಿಗಳು. ನನ್ನ ವಯಸ್ಸಿಗೆ ಕೇಳಬೇಕೇ? ಕಪಾಟು ತೆರೆದೆ, ಮುಚ್ಚಿದೆ. ಬಂದ ದಾರಿಯಲ್ಲೇ ಹಿಂದಿರುಗಿದರೆ ನೆನಪಾದೀತು ಎಂದು ಬಾಗಿಲವರೆಗೆ ಬಂದೆ. ಆಗ ಹೆಂಡತಿಯ ಮಾತು ಕೇಳಿಸಿತು. ಶ್ರವಣಸಾಧನಕ್ಕೆ ಕೊಟ್ಟ ಹಣ ಅಂದು ವಸೂಲಾಯಿತು.

‘ಅವರ ಅಂಗಿಯ ಜೇಬಿನಲ್ಲಿ ಇಡುತ್ತೇನೆ’ ಎಂದು ತಗ್ಗಿದ ದನಿಯಲ್ಲಿ ಹೇಳುತ್ತಿದ್ದಳು. ‘ನಿವೃತ್ತರಾದ ಮುಂದಿನ ತಿಂಗಳು ಒಂದನೆಯ ತಾರೀಖು ಬೆಳಗ್ಗೆ ಎದ್ದು ಅಂಗಿ ಹಾಕಿಕೊಂಡು, ಜೇಬಿಗೆ ಕೈ ಹಾಕಿ ಸುಮ್ಮನೆ ನಿಂತಿದ್ದರು. ನೋಡಲಾಗಲಿಲ್ಲ. ಆಮೇಲೆ ಅಭ್ಯಾಸವಾಗಿಬಿಟ್ಟಿತು. ಸಿಕ್ಕಿದಾಗ ಅವರ ಮುಖ ನೋಡಬೇಕು ನೀನು. ನೋಟು ಎತ್ತಿ ಹಿಡಿದು ಮನೆಯೆಲ್ಲ ಓಡಾಡುತ್ತಾರೆ. ನನ್ನ ಜ್ಞಾಪಕಶಕ್ತಿ ಹೋಗಿದ್ದೇ ಒಳ್ಳೆಯದಾಯಿತು ನೋಡು ಎನ್ನುತ್ತಾರೆ.’

ಎರಡು ವರ್ಷದಿಂದ ನಮ್ಮ ಎಲ್ಲ ಪಾವತಿಯೂ ಮೊಬೈಲಿನಲ್ಲೇ. ನಾನು ನೋಟು ಮುಟ್ಟಿಯೇ ಎಷ್ಟೋ ಕಾಲವಾಗಿದೆ. ಆದರೂ ಜೇಬಿನಲ್ಲಿ ನೋಟು ಸಿಗುತ್ತಲೇ ಇತ್ತು. ಮೂವತ್ತೆಂಟು ವರ್ಷ ಬೇರೆಯವರ ಪುಸ್ತಕದಲ್ಲಿ ಬಿಡಿಗಾಸಿನ ತಪ್ಪು ಹಿಡಿದವನಿಗೆ ಇದರಲ್ಲಿ ಅನುಮಾನ ಬರಲಿಲ್ಲ.

ನಾನು ಮತ್ತೆ ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ನಿಂತು, ಎರಡು ಲೋಟ ನೀರು ತಂದೆ. ಒಂದನ್ನು ನಾನೇ ಕುಡಿದೆ.

ಈಗ ತಿದ್ದುಪಡಿಯ ಪ್ರಶ್ನೆ. ಒಂದೇ ನಮೂನೆಯಲ್ಲಿ ನಾನು ಅದನ್ನು ಆದಾಯ ಎಂದು ಬರೆಸಿದ್ದೇನೆ, ಅವಳು ಖರ್ಚು ಎಂದು ಬರೆಸಿದ್ದಾಳೆ. ಒಂದೇ ಮನೆಯೊಳಗೆ ಕೈ ಬದಲಾದ ಹಣ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ ಎಂದು ನನಗೆ ಗೊತ್ತು. ನಿಯಮದ ಪ್ರಕಾರ ಎರಡೂ ಸಾಲುಗಳನ್ನು ಹೊಡೆದುಹಾಕಬೇಕು. ಹೊಡೆದುಹಾಕಿ, ನನ್ನ ಆಕ್ಷೇಪಣೆ ಇಲ್ಲ. ಆದರೆ ಅದನ್ನು ಖಚಿತಪಡಿಸಿಕೊಳ್ಳಲು ಮನೆಗೆ ಯಾರನ್ನೂ ಕಳಿಸಬೇಡಿ, ಫೋನ್ ಮಾಡಬೇಡಿ, ‘ನಿಮ್ಮ ಯಜಮಾನರು ಪತ್ರ ಬರೆದಿದ್ದಾರೆ’ ಎಂದು ಬಾಯಿ ತಪ್ಪಿಯೂ ಹೇಳಬೇಡಿ. ನನಗೆ ಗೊತ್ತಾಗಿದೆ ಎಂದು ಅವಳಿಗೆ ಗೊತ್ತಾದರೆ ಆ ಆದಾಯ ಅಂದಿಗೇ ನಿಲ್ಲುತ್ತದೆ. ಮೊನ್ನೆ ಶುಕ್ರವಾರ ಬೂದು ಬಣ್ಣದ ಅಂಗಿಯಲ್ಲಿ ಒಂದು ಸಿಕ್ಕಿತು. ಎತ್ತಿ ಹಿಡಿದುಕೊಂಡು ಮನೆಯೆಲ್ಲ ಓಡಾಡಿದೆ, ಮೊದಲಿಗಿಂತ ಒಂದು ಸುತ್ತು ಹೆಚ್ಚಾಗಿಯೇ.

ಗುಟ್ಟು ಕಾಪಾಡಿ ಎಂದು ಬಹಿರಂಗ ಪತ್ರದಲ್ಲಿ ಕೇಳುವವನು ಎಂಥ ಲೆಕ್ಕಿಗ ಎಂದು ನೀವು ನಗಬಹುದು. ಅವಳು ಇದನ್ನು ಓದುವ ಸಂಭವ ಕಡಿಮೆ. ಬೆಳಗ್ಗೆಯಿಂದ ಕನ್ನಡಕ ಹುಡುಕುತ್ತಿದ್ದಾಳೆ, ನಾನೂ ಆಗಾಗ ಎದ್ದು ಜೊತೆಯಲ್ಲಿ ಹುಡುಕಿದಂತೆ ಮಾಡಿ ಬರುತ್ತಿದ್ದೇನೆ. ಅದು ನನ್ನ ಮೂಗಿನ ಮೇಲಿದೆ. ಸಹಿ ಹಾಕಿದ ತಕ್ಷಣ ಕೊಟ್ಟುಬಿಡುತ್ತೇನೆ.

ಇಂತಿ,
ನಿಮ್ಮ ಬುಟ್ಟಿಯೊಳಗಿನ ಒಬ್ಬ